ಮೇಟಿ ನೆಟ್ಟ ಟೆನಿಸ್ ಅಂಗಳ

ಟೆನಿಸ್ ಚೆಂಡಿನ ಹೊಸ ಡಬ್ಬಿ ತೆರೆದರೆ ‘ಪುಸ್’ ಎಂದು ಗಾಳಿ ಬಿಟ್ಟು, ಹಿಂದೆಯೇ ರಬ್ಬರಿನ ವಾಸನೆ ಬರುತ್ತದೆ. ಬೇರೆಯವರಿಗೆ ಹೇಗೋ, ನನಗೆ ಅದರ ಬೆನ್ನಿಗೇ ಸಗಣಿಯ ವಾಸನೆಯೂ ಬರುತ್ತದೆ. ನಗಬೇಡಿ, ಕಾರಣವಿದೆ.

ಮೊನ್ನೆ ಚಿತ್ರದುರ್ಗದ ನಮ್ಮ ಮನೆಯಲ್ಲಿ ಮಗಳು ಅಂಥದೊಂದು ಡಬ್ಬಿ ತೆರೆದಳು. ಶಾಲೆಯಲ್ಲಿ ಟೆನಿಸ್ ಸೇರಿದ್ದಾಳೆ. ‘ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಪಿ.ಟಿ. ಮೇಡಂ ದೇಶ ದೇಶ ಸುತ್ತಿ ಆಡಿದವರು ಗೊತ್ತಾ?’ ಎಂದು ನಾನು ಜಂಬ ಕೊಚ್ಚಿಕೊಂಡೆ. ಅವಳು ಮೊಬೈಲಿನಲ್ಲಿ ಹೆಸರು ಹುಡುಕಿ, ‘ಬರೀ ಸೋತಿದ್ದೇ ಐತಲ್ಲಮ್ಮ’ ಎಂದಳು.

ನಿಜ. ಆದರೆ ಆ ಪಟ್ಟಿಯಲ್ಲಿಲ್ಲದ ಒಂದು ಆಟವನ್ನು ನಾನು ನೋಡಿದ್ದೇನೆ.

ಮೇಡಂ ಮೂಲತಃ ಹೊಸದುರ್ಗದವರು. ಅವರ ತಂದೆ ದೊಡ್ಡ ಊರಿನ ಕ್ಲಬ್ಬೊಂದರಲ್ಲಿ ಮಾಲಿ. ಮಗಳು ಅಲ್ಲೇ ಆಟ ಕಲಿತರು. ಏಳು ವರ್ಷ ಟೆನಿಸ್ಸೇ ಹೊಟ್ಟೆಪಾಡು. ಹೆಚ್ಚಿನ ಕಡೆ ಮೊದಲ ಸುತ್ತಿನಲ್ಲೇ ವಾಪಸ್. ಕೊನೆಗೆ ಭುಜ ಕೈಕೊಟ್ಟಿತು. ಹೊಳಲ್ಕೆರೆ ಹತ್ತಿರದ ನಮ್ಮೂರ ಹೈಸ್ಕೂಲಿಗೆ ಬಂದಾಗ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬಾಡಿಗೆಗಿದ್ದರು. ಎರಡು ರ‍್ಯಾಕೆಟ್ ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ನಾವು ಗೋಗರೆದರೂ ಮುಟ್ಟುತ್ತಿರಲಿಲ್ಲ. ‘ಆ ಆಟ ಮುಗೀತು ಕಣ್ರೇ. ನಡೀರಿ, ಖೋಖೋ ಆಡಾಣ.’

ನಮ್ಮಪ್ಪನ ಆಟವೂ ಆಗಲೇ ಮುಗಿದಿತ್ತು. ತೆನೆ ತುಳಿಸುವ ಕಣ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ನೆಲ ಕೆತ್ತಿ, ನೀರು ಹಾಕಿ, ಗುಂಡುಕಲ್ಲು ಉರುಳಿಸಿ, ಸಗಣಿ ಬಳಿದರೆ ಒಂದು ರಾಗಿ ಕಾಳೂ ಬಿರುಕಿಗೆ ಸೇರುತ್ತಿರಲಿಲ್ಲ. ಆದರೆ ಊರವರು ತೆನೆಯನ್ನು ಟಾರು ರಸ್ತೆಗೇ ಹರವಿ ಬಸ್ಸು ಲಾರಿಗಳಿಂದ ತುಳಿಸಲು ಕಲಿತಿದ್ದರು. ಅಪ್ಪನನ್ನು ಕರೆಯುವವರಿರಲಿಲ್ಲ.

ಒಂದು ಸಂಜೆ ಜಗಲಿಯಲ್ಲಿ ಅಪ್ಪ ಕೇಳಿದ: ‘ಮೇಡಮ್ಮಾರೇ, ಆ ಆಟಕ್ಕೆ ನೆಲ ಎಂಥದ್ದಿರ್ಬೇಕ್ರಿ?’

‘ಗಟ್ಟಿ ಇರ್ಬೇಕು, ಸಮ ಇರ್ಬೇಕು. ಬಿರುಕು ಇರ್ಬಾರ್ದು.’

‘ಅಯ್ಯ, ಅದು ಕಣನೇ ಅಲ್ವೇನ್ರಿ!’

ಮೇಡಂ ನಕ್ಕು, ಹೆಜ್ಜೆ ಲೆಕ್ಕದಲ್ಲಿ ಅಳತೆ ಹೇಳಿದರು. ಮಾತಿಗೆ ಕೇಳುತ್ತಿದ್ದಾನೆ ಅಂದುಕೊಂಡಿರಬೇಕು. ಅಪ್ಪ ಮಾತಿಗೆ ಕೇಳಿರಲಿಲ್ಲ.

ದಸರಾ ರಜೆಗೆ ಮೇಡಂ ಊರಿಗೆ ಹೋಗಿದ್ದಾಗ ಹೆಡ್ ಮಾಸ್ತರರನ್ನು ಒಪ್ಪಿಸಿ ಶಾಲೆಯ ಹಿಂದಿನ ಬಯಲಲ್ಲಿ ಕಣ ಮಾಡಿಯೇಬಿಟ್ಟ. ಅಡ್ಡಕ್ಕೆ ಕಟ್ಟಲು, ಹಿರಿಯೂರು ಕಡೆಯ ಕುರಿಯವರು ಮಂದೆ ಸುತ್ತ ಕಟ್ಟುವ ಬಲೆ ಕೇಳಿ ತಂದ. ಎಲ್ಲ ಸರಿ, ನಟ್ಟನಡುವೆ ಮಾತ್ರ ಎದೆಮಟ್ಟದ ಮೇಟಿ ನಿಂತಿತ್ತು. ತುಳಿಸುವಾಗ ಎತ್ತುಗಳನ್ನು ಕಟ್ಟಿ ಸುತ್ತಿಸುವ ಕಂಬ ಅದು. ಕುಂಕುಮ ಹಚ್ಚಿ, ಪೂಜೆ ಮಾಡಿ ನೆಟ್ಟಿದ್ದ.

ರಜೆ ಮುಗಿದ ದಿನ ಶಾಲೆಗೆ ಶಾಲೆಯೇ ನಕ್ಕಿತು. ‘ಲೇ, ನಿಮ್ಮಪ್ಪ ಟೆನಿಸ್ಸಿಗೆ ಎತ್ತು ಕಟ್ತಾನೇನೇ?’ ಎಂದರು ಗೆಳತಿಯರು. ‘ಮೇಟಿ ಇಲ್ದ ಕಣ ಎಲ್ಲಾದ್ರೂ ಐತೇನ್ರಪ್ಪ?’ ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ನಾನು ಬೇವಿನ ಮರದ ಹಿಂದೆ ಸರಿದೆ. ಮುಂದೆ ಮನೆತನಕ್ಕೇ ಮೊದಲ ಡಿಗ್ರಿ ತಂದವಳು ನಾನು. ಅದನ್ನು ಚೌಕಟ್ಟು ಹಾಕಿಸಿ ನೇತುಹಾಕಿದ್ದೇನೆ, ನಾಚಿಕೆಯೇನಿಲ್ಲ. ಆವತ್ತು ನಾಚಿಕೆಯಾದದ್ದು ಅಪ್ಪನ ಬಗ್ಗೆ.

ಮೇಡಂ ಬಂದರು. ಚಪ್ಪಲಿ ಬಿಟ್ಟು, ನೆಲದ ಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ ಬಲೆಯ ನಡುಭಾಗವನ್ನು ಮೇಟಿಗೆ ಬಿಗಿದರು. ‘ಬಲೆಗೆ ನಡುವೆ ಒಂದು ಹಿಡಿತ ಬೇಕಾಗ್ತೈತೆ. ಇರ್ಲಿ ಬಿಡ್ರಿ’ ಎಂದವರೇ ಮನೆಗೆ ಹೋಗಿ ಎರಡೂ ರ‍್ಯಾಕೆಟ್ ತಂದರು.

ಸಗಣಿ ಬಳಿದ ಆ ನೆಲದ ಮೇಲೆ, ಎತ್ತಿಟ್ಟಿದ್ದ ಹೊಸ ಡಬ್ಬಿಯೊಂದನ್ನು ‘ಪುಸ್’ ಎನಿಸಿದರು. ಮೊದಲ ಚೆಂಡು ಮೇಟಿಗೇ ಬಡಿದು ವಾಪಸ್ ಬಂತು.

‘ಏನ್ರಿ ಮೇಡಮ್ಮಾರೇ, ಇಷ್ಟು ಬಯಲು ಬಿಟ್ಟು ಅದ್ಕೇ ಹೊಡೆದ್ರಲ್ಲ!’ ಎಂದ ಅಪ್ಪ.

ಮೇಡಂ ಹೊಟ್ಟೆ ಹಿಡಿದು ನಕ್ಕರು. ‘ಎದುರಿಗೆ ಯಾರಾದ್ರೂ ಬೇಕಲ್ಲ. ನಿಮ್ಮ ಮಗಳೆಲ್ರಿ?’

ನಾನು ಮರದ ಮರೆಯಿಂದ ಬರಲಿಲ್ಲ. ಅಪ್ಪನೇ ಟವೆಲ್ ತಲೆಗೆ ಸುತ್ತಿ, ರ‍್ಯಾಕೆಟ್ಟನ್ನು ಮೊರದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತ. ಮೇಡಂ ಭುಜ ಎತ್ತದೆ, ಕೆಳಗಿನಿಂದ ಮೆಲ್ಲಗೆ ಹೊಡೆದರು. ಹತ್ತು ಚೆಂಡು ದಾಟಿ ಹೋದವು. ಹನ್ನೊಂದನೆಯದನ್ನು ಅಪ್ಪ ತಿರುಗಿ ಕಳಿಸಿದ. ಬೆಳಕಿರುವವರೆಗೂ ಆಡಿದರು. ಕೊನೆಗೆ ಮೇಡಂ ಬಲೆಯ ಬಳಿ ಬಂದು ಕೈ ಚಾಚಿದರು. ಅಪ್ಪ ಮೊದಲು ಪಂಚೆಗೆ ಕೈ ಒರೆಸಿಕೊಂಡ, ಆಮೇಲೆ ಕೊಟ್ಟ.

ಅಲ್ಲಿಂದಾಚೆಗೆ ಆ ರ‍್ಯಾಕೆಟ್ಟುಗಳು ಮೊಳೆ ಕಂಡದ್ದು ಕಡಿಮೆ.

ಇದನ್ನು ಆಫೀಸಿನಲ್ಲಿ ಎಷ್ಟೋ ಸಲ ತಮಾಷೆಯಾಗಿ ಹೇಳಿದ್ದೇನೆ. ನಾನು ಹೇಳುವ ಕಥೆಯಲ್ಲಿ ಮಾತ್ರ ಯಾವಾಗಲೂ ಅಪ್ಪನ ಪಕ್ಕದಲ್ಲೇ ನಿಂತಿರುತ್ತೇನೆ.

ಮೊನ್ನೆಯೂ ಹಾಗೇ ಹೇಳಿದೆ. ಮಗಳು ಕೇಳಿದಳು: ‘ಹಂಗಾದ್ರೆ ತಾತಂಗೆ ಚೆಂಡು ಹೆಕ್ಕಿ ಕೊಟ್ಟೋಳು ನೀನೇನಮ್ಮ?’

ಹೂಂ ಎನ್ನಲು ಬಾಯಿ ತೆರೆದೆ.

‘ಇಲ್ಲ ಕಣೇ. ನಾನು ಬೇವಿನ ಮರದ ಹಿಂದಿದ್ದೆ.’

ಅವಳು ಡಬ್ಬಿಯಿಂದ ಇನ್ನೊಂದು ಚೆಂಡು ತೆಗೆದು, ‘ಈಗ್ಲಾದ್ರೂ ಬಾ’ ಎಂದಳು.

ಸೆರಗಿಗೆ ಕೈ ಒರೆಸಿಕೊಂಡು ಎದ್ದೆ.