ಬಸ್ಸಕ್ಕ ಬೀದಿ ಖಾಲಿ ಮಾಡಿಸಿದ ದಿನ

ಬಸ್ಸಕ್ಕ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದಳು, ಒಂದು ದಿನವೂ ಯಾವ ಗೋಡೆಗೂ ತಾಗಿಸಲಿಲ್ಲ. ಇದು ನನ್ನ ಮಾತಲ್ಲ, ಅವಳೇ ದಿನಕ್ಕೆರಡು ಸಲ ಹೇಳುತ್ತಿದ್ದಳು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ಐದಕ್ಕೇ ಎದ್ದು ತನ್ನ ಹಳೆಯ ನೀಲಿ ಕಾರನ್ನು ಒರೆಸುವಳು. ಗಾಜು ಒರೆಸುವಾಗ ನಾನೇನಾದರೂ ಕಣ್ಣಿಗೆ ಬಿದ್ದರೆ ಮುಗಿಯಿತು. "ತಮ್ಮಾ, ನಿನ್ನ ವ್ಯಾನು ಸ್ನಾನ ಕಂಡು ಎಷ್ಟು ವರ್ಷ ಆಯ್ತು?" ನಾನು ಫ್ರಿಜ್ ರಿಪೇರಿಯವನು, ಅವಳ ಪಕ್ಕದ ಮನೆ. ನನ್ನ ವ್ಯಾನಿಗೆ ಸ್ನಾನ ಮಾಡಿಸುವಷ್ಟು ಪುರುಸೊತ್ತು ನನಗೆ ಯಾವತ್ತೂ ಸಿಕ್ಕಿಲ್ಲ.

ಅವಳ ಗಂಡ ಸೀಟು ಹೊಲಿಯುತ್ತಿದ್ದವರು. ಬಸ್ಸು, ಲಾರಿ, ಕಾರು, ಯಾವುದಾದರೂ ಸರಿ. ಅವಳ ಬಸ್ಸಿನ ಹರಿದ ಸೀಟುಗಳನ್ನು ಹೊಲಿಯಲು ಬಂದವರೇ ಅವಳನ್ನು ಮದುವೆಯಾದರು. ನಾನು ಅವರನ್ನು ಭಾವ ಎನ್ನುತ್ತಿದ್ದೆ. ಮೂವತ್ತೈದು ವರ್ಷ ಗಾಳಿಯಾಡದ ಶೆಡ್ಡಿನಲ್ಲಿ ಅಂಟಿನ ವಾಸನೆ, ಫೋಮಿನ ಪುಡಿ ಕುಡಿದು ಕುಡಿದು ಭಾವನ ಶ್ವಾಸಕೋಶ ಕೈಕೊಟ್ಟಿತು. ಒಳಗಿನ ಕುರ್ಚಿಯಿಂದ ಕಾರಿನ ಸೀಟಿಗೆ ಇಪ್ಪತ್ತೆರಡು ಹೆಜ್ಜೆ. ಅಕ್ಕ ಎಣಿಸಿದ್ದಳು. ಹನ್ನೊಂದನೆಯದಕ್ಕೆ ಹೊಸ್ತಿಲು. ಅಲ್ಲಿ ಭಾವ ಬಾಗಿಲ ಚೌಕಟ್ಟು ಹಿಡಿದು ನಿಂತು, "ಸ್ಟಾಪ್ ಬಂತು, ಡ್ರೈವರ್ ಸಾಹೇಬ್ರೇ" ಎನ್ನುವರು. ಅಕ್ಕ ಕಾಯುವಳು. ಉಸಿರು ಹತೋಟಿಗೆ ಬಂದ ಮೇಲೆ ಉಳಿದ ಹನ್ನೊಂದು.

ದಿನಾ ಮಧ್ಯಾಹ್ನ ನಾಲ್ಕಕ್ಕೆ ಅವರ ಸವಾರಿ. ಎಲ್ಲಿಗೆ ಅಂತೀರಿ? ಬಸ್ ಡಿಪೋ ಗೇಟಿನ ಎದುರಿಗೆ. ಅಲ್ಲಿ ಕಾರು ನಿಲ್ಲಿಸಿಕೊಂಡು, ಒಳಗೆ ಹೋಗುವ ಬಸ್ಸುಗಳ ಸೀಟು ಹೇಗಿದೆ ಎಂದು ಕಿಟಕಿಯಿಂದ ನೋಡುವುದು. "ಅದು ನನ್ನ ಹೊಲಿಗೆ. ನೋಡು, ಹನ್ನೆರಡು ವರ್ಷ ಆದ್ರೂ ಒಂದು ಎಳೆ ಬಿಟ್ಟಿಲ್ಲ." ಬೇರೆಯವರ ಹೊಲಿಗೆ ಕಂಡರೆ ಮುಖ ಕಿವುಚುವರು. ಒಂದು ಗಂಟೆ ಕೂತು ವಾಪಸು. ಇಡೀ ದಿನ ಗೋಡೆ ನೋಡಿಕೊಂಡು ಉಸಿರೆಳೆಯುವ ಮನುಷ್ಯ ಆ ಒಂದು ಗಂಟೆಗಾಗಿ ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು ಕಾಯುತ್ತಿದ್ದರು.

ನಮ್ಮದು ಇಕ್ಕಟ್ಟಾದ ಏರು ಬೀದಿ. ಒಂದೇ ದಿಕ್ಕಿನ ಸಂಚಾರ, ಯಾರ ಮನೆಗೂ ಶೆಡ್ಡಿಲ್ಲ, ಎಲ್ಲರ ಗಾಡಿಯೂ ಬೀದಿಯಲ್ಲೇ. ಆದರೂ ಜಗಳವಿರಲಿಲ್ಲ, ಯಾಕೆಂದರೆ ಕುರ್ಚಿಯ ಕಾನೂನಿತ್ತು. ಹೊರಗೆ ಹೋಗುವವರು ತಮ್ಮ ಜಾಗದಲ್ಲಿ ಒಂದು ಮುರುಕಲು ಕುರ್ಚಿ ಇಟ್ಟು ಹೋಗುವುದು, ಬಂದಮೇಲೆ ಎತ್ತಿಕೊಳ್ಳುವುದು. ಇನ್ನೊಬ್ಬರ ಕುರ್ಚಿ ಮುಟ್ಟಿದವರಿಲ್ಲ. ಬಸ್ಸಕ್ಕನ ಕುರ್ಚಿಗೆ ಭಾವ ಹೊಲಿದ ಕೆಂಪು ರೆಕ್ಸಿನ್ನಿನ ಸೀಟಿತ್ತು.

ಬೀದಿಯ ತುದಿಯಲ್ಲಿ ರೈಲು ಸ್ಟೇಷನ್. ಅದರ ಪಕ್ಕದ ಮರದ ಡಿಪೋ ಮುಚ್ಚಿದಾಗ ಅಲ್ಲಿ ಎಂಟು ಅಂತಸ್ತು, ತೊಂಬತ್ತಾರು ಮನೆ ಬರುತ್ತವೆ ಎಂದು ಬೋರ್ಡು ಬಿತ್ತು. ಗಾಡಿ ನಿಲ್ಲಿಸಲು ಜಾಗ ಎಷ್ಟು? ಸೊನ್ನೆ. ಸ್ಟೇಷನ್ ಪಕ್ಕ ಇರುವವರು ರೈಲಿನಲ್ಲಿ ಓಡಾಡುತ್ತಾರೆ, ಅವರಿಗೇಕೆ ಕಾರು ಎಂಬುದು ನಗರಸಭೆ ಕಚೇರಿಯವರ ಲೆಕ್ಕ. ಆದರೆ ಅವರ ಕಾರುಗಳು ನಮ್ಮ ಬೀದಿಗೇ ಬರುತ್ತವೆ ಎಂದು ನಮಗೆ ಗೊತ್ತಿತ್ತು. ಅರ್ಜಿ ಬರೆದೆವು, ಎಲ್ಲರೂ ಸಹಿ ಹಾಕಿದೆವು, ಬಸ್ಸಕ್ಕನನ್ನೇ ಮುಂದಾಳು ಮಾಡಿದೆವು. ಗಾಡಿ ವಿಷಯ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಮೂರು ವಾರಕ್ಕೆ ಉತ್ತರ ಬಂತು. ಗುರುವಾರ ಹತ್ತು ಗಂಟೆಗೆ ಬೀದಿಯ ಪರಿಸ್ಥಿತಿ ನೋಡಲು ಸಮೀಕ್ಷೆಯವರು ಬರುತ್ತಾರೆ.

ಇಲ್ಲಿಯೇ ನಾವು ಕೆಟ್ಟದ್ದು.

ಮೇಲಿನವರು ಬರುತ್ತಾರೆಂದರೆ ನಮಗೆ ಗೊತ್ತಿರುವುದು ಒಂದೇ ವಿದ್ಯೆ, ಚೊಕ್ಕ ಮಾಡುವುದು. ಶಾಲೆಗೆ ಇನ್ಸ್‌ಪೆಕ್ಟರು ಬಂದರೆ ಹುಳುಕು ಬೆಂಚು ಒಳಗೆ ಹಾಕುತ್ತೇವೆ. ಮನೆಗೆ ನೆಂಟರು ಬಂದರೆ ಒಗೆಯದ ಬಟ್ಟೆ ಮಂಚದ ಕೆಳಗೆ ತುರುಕುತ್ತೇವೆ. ಬಸ್ಸಕ್ಕನಿಗಂತೂ ಇಪ್ಪತ್ತಾರು ವರ್ಷದ ಅಭ್ಯಾಸ. ತಪಾಸಣೆಯ ದಿನ ಬಸ್ಸು ತೊಳೆದಿರಬೇಕು, ಓಡಾಡುವ ದಾರಿಯಲ್ಲಿ ಒಂದು ಚೀಲವೂ ಇರಕೂಡದು. ಬುಧವಾರ ಸಂಜೆ ಅವಳು ಮನೆಮನೆಗೆ ಹೋದಳು.

"ನಾಳೆ ಒಂದು ದಿನ ಗಾಡಿ ತೆಗೀರಪ್ಪ. ಬೀದಿ ನೀಟಾಗಿದ್ರೆ ಅವರಿಗೂ ನಮ್ಮ ಮೇಲೆ ಒಂದು ಮರ್ಯಾದೆ ಬರುತ್ತೆ. ಈ ಗಲೀಜು ನೋಡಿದ್ರೆ, ಇವರ ಹಣೆಬರಹವೇ ಇಷ್ಟು ಅಂದ್ಕೊಂಡು ಹೋಗ್ತಾರೆ."

ಒಬ್ಬರಾದರೂ, ಅಕ್ಕಾ, ಅವರು ಎಣಿಸಲು ಬರುತ್ತಿರುವುದೇ ಗಾಡಿಗಳನ್ನಲ್ಲವೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನಾನೂ ಕೇಳಲಿಲ್ಲ. ಬಡಗಿ ತನ್ನ ಗಾಡಿಯನ್ನು ಭಾಮೈದನ ಮನೆಗೆ ಒಯ್ದ. ನಿವೃತ್ತ ಪೋಸ್ಟ್ ಮಾಸ್ತರರು ತಮ್ಮದನ್ನು ಮಗಳ ಮನೆಗೆ. ನಾನು ವ್ಯಾನನ್ನು ಮಾರುಕಟ್ಟೆಯ ಹಿಂದೆ ಬಿಟ್ಟು ನಡೆದು ಬಂದೆ. ಕುರ್ಚಿಗಳೂ ಒಳಗೆ ಹೋದವು. ಬೀದಿ ಗುಡಿಸಿ ನೀರು ಹೊಡೆದೆವು.

ಸಮೀಕ್ಷೆಯವಳು ಒಬ್ಬ ತೆಳ್ಳನೆಯ ಹೆಂಗಸು. ಕೈಯಲ್ಲಿ ಟಕ್ ಎನ್ನುವ ಎಣಿಕೆಯ ಯಂತ್ರ. ಬೀದಿಯ ಉದ್ದಕ್ಕೂ ಒಮ್ಮೆ ಹತ್ತಿ ಒಮ್ಮೆ ಇಳಿದಳು. ಯಂತ್ರ ಅಪರೂಪಕ್ಕೊಮ್ಮೆ ಟಕ್ ಎಂದಿತು. ಫೋಟೋ ತೆಗೆದಳು. "ಬೀದಿ ತುಂಬಾ ಚೆನ್ನಾಗಿಟ್ಕೊಂಡಿದ್ದೀರಿ" ಎಂದು ಕಾಗದ ಚಾಚಿದಳು. ಬೀದಿಯ ಪರವಾಗಿ ಬಸ್ಸಕ್ಕ ಗುಂಡಗೆ ಸಹಿ ಹಾಕಿದಳು. ಆ ಹೆಂಗಸು ಹೋದ ಮೇಲೆ ಅಕ್ಕನ ಮುಖ ನೋಡಬೇಕಿತ್ತು. ನಮಗೆಲ್ಲ ಚಹಾ ಕೊಟ್ಟಳು.

ಎರಡು ತಿಂಗಳ ಮೇಲೆ ಶಾಲೆಯ ಹಾಲಿನಲ್ಲಿ ಸಭೆ. ಅಧಿಕಾರಿ ಗೋಡೆಯ ಮೇಲೆ ನಮ್ಮ ಬೀದಿಯ ಚಿತ್ರ ಬಿಟ್ಟರು. ಥಳಥಳ ಹೊಳೆಯುವ ಖಾಲಿ ಬೀದಿ. "ಐವತ್ತೆಂಟು ಗಾಡಿ ನಿಲ್ಲೋ ಜಾಗ. ನಲವತ್ತೊಂಬತ್ತು ಖಾಲಿ. ಹೊಸ ಮನೆಯವರಲ್ಲಿ ಯಾರಾದ್ರೂ ಕಾರು ತಂದ್ರೂ ಇಷ್ಟು ಧಾರಾಳ ಸಾಕು."

ಬಸ್ಸಕ್ಕ ಎದ್ದು ನಿಂತಳು. "ಸಾರ್, ಅವತ್ತು ನಾವು ಗಾಡಿ ತೆಗೆದಿದ್ವಿ. ನೀವು ಬರ್ತೀರಿ ಅಂತ."

ಅಧಿಕಾರಿ ಒರಟರಲ್ಲ. ತಾಳ್ಮೆಯಿಂದಲೇ ಕೇಳಿದರು. "ತೆಗೆದು ಎಲ್ಲಿ ನಿಲ್ಲಿಸಿದ್ರಿ, ಅಮ್ಮಾ?"

"ಬೇರೆ ಬೇರೆ ಕಡೆ."

"ಅಂದ್ರೆ ನಿಮಗೆ ಬೇರೆ ಕಡೆ ಜಾಗ ಇದೆ ಅಂತಾಯ್ತಲ್ಲ?"

ಹಾಲಿನಲ್ಲಿ ಯಾರೋ ನಕ್ಕರು. ಅಕ್ಕ ನಿಂತೇ ಇದ್ದಳು. ಚಿತ್ರದ ಕೆಳಗೆ ಹಾಕಿದ್ದ ಅವಳ ಗುಂಡನೆಯ ಸಹಿ ಗೋಡೆಯ ಮೇಲೆ ಆಳೆತ್ತರಕ್ಕೆ ಕಾಣುತ್ತಿತ್ತು. ಹೊರಗೆ ಬಂದ ಮೇಲೆ ಪೋಸ್ಟ್ ಮಾಸ್ತರರು ಅವಳಿಗೆ ಕೇಳುವಂತೆಯೇ "ಮಾಡಿದ್ದುಣ್ಣೋ ಮಹರಾಯ" ಎಂದರು. ಆ ಗುರುವಾರ ಬೆಳಿಗ್ಗೆ ಪೊರಕೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದವರು ಅವರೇ. ನನಗೆ ಮೈ ಉರಿಯಿತು, ಆದರೂ ಅವರ ಜೊತೆಯಲ್ಲೇ ಮನೆಗೆ ನಡೆದೆ.

ಕಟ್ಟಡ ಎದ್ದಿತು. ತೊಂಬತ್ತಾರು ಮನೆಗೆ ಅರವತ್ತು ಚಿಲ್ಲರೆ ಕಾರು ಬಂದವು. ಬಂದವರನ್ನು ಕೆಟ್ಟವರು ಎನ್ನಲಾರೆ. ಮಗು ಎತ್ತಿಕೊಂಡವರು, ರಾತ್ರಿಪಾಳಿಯ ನರ್ಸುಗಳು, ನಮ್ಮಂತೆಯೇ ದುಡಿದು ತಿನ್ನುವವರು. ಆದರೆ ಅವರಿಗೆ ಕುರ್ಚಿಯ ಕಾನೂನು ಗೊತ್ತಿರಲಿಲ್ಲ. ಒಂದು ಸಂಜೆ ಅಕ್ಕ, ಭಾವ ಬಸ್ ಡಿಪೋದಿಂದ ಬಂದಾಗ ಅವರ ಜಾಗದಲ್ಲಿ ಬಿಳಿ ಕಾರು ನಿಂತಿತ್ತು. ಕೆಂಪು ಕುರ್ಚಿಯನ್ನು ಯಾರೋ ಧೂಳು ಒರೆಸಿ, ಜೋಪಾನವಾಗಿ ಅವರ ಗೋಡೆಗೆ ಒರಗಿಸಿದ್ದರು. ಬೈಯೋಣವೆಂದರೆ ಬೈಯುವಂಥ ತಪ್ಪೂ ಅಲ್ಲ.

ಕಾರು ಎಲ್ಲೋ ದೂರದಲ್ಲಿ ನಿಲ್ಲಬೇಕಾಯಿತು, ಅಲ್ಲಿಯವರೆಗೆ ಭಾವನನ್ನು ಒಯ್ಯಲು ಅಕ್ಕ ಗಾಲಿಕುರ್ಚಿ ತಂದು ನೋಡಿದಳು. ಆ ಏರಿನಲ್ಲಿ ಅದನ್ನು ನೂಕಲು ಅವಳ ತೋಳು ಕೇಳಲಿಲ್ಲ. ಇಪ್ಪತ್ತಾರು ವರ್ಷ ಸ್ಟಿಯರಿಂಗ್ ತಿರುಗಿಸಿದ ಭುಜ ಅದು. ಆಗ ನಾನು ಮುಂದೆ ಬಂದೆ. ಮೂರೂಮುಕ್ಕಾಲಿಗೆ ನನ್ನ ವ್ಯಾನು ತೆಗೆದು ಆ ಜಾಗಕ್ಕೆ ಅವಳ ಕಾರು ಬಿಡಿಸುವುದು, ಅವರು ಬರುವವರೆಗೆ ಮತ್ತೆ ವ್ಯಾನು ನಿಲ್ಲಿಸಿ ಜಾಗ ಕಾಯುವುದು. ಹದಿನೇಳು ದಿನ ಮಾಡಿದೆ. ಮಧ್ಯಾಹ್ನದ ಕೆಲಸವೆಲ್ಲ ಕೈತಪ್ಪತೊಡಗಿತು. ಹದಿನೆಂಟನೆಯ ದಿನ ದೂರದಲ್ಲಿ ಒಂದು ಅಂಗಡಿಯ ಫ್ರಿಜ್ ಕೆಟ್ಟಿದೆ ಎಂದು ಹೋದೆ. ಹತ್ತೊಂಬತ್ತನೆಯ ದಿನವೂ ಏನೋ ನೆವ. ನಿಜ ಹೇಳುತ್ತೇನೆ, ನನಗೆ ಸಾಕಾಗಿತ್ತು.

ಆಮೇಲೆ ಅಕ್ಕ ಬೀದಿಯ ನಡುವೆಯೇ ಕಾರು ನಿಲ್ಲಿಸಿ ಭಾವನನ್ನು ಹತ್ತಿಸತೊಡಗಿದಳು. ಇಪ್ಪತ್ತೆರಡು ಹೆಜ್ಜೆಗೆ ಹತ್ತು ನಿಮಿಷ. ಹಿಂದೆ ಗಾಡಿಗಳು ಸಾಲುಗಟ್ಟುತ್ತಿದ್ದವು. ಮೊದಮೊದಲು ಜನ ತಡೆದುಕೊಂಡರು.

ಒಂದು ಮಂಗಳವಾರ ನಾನು ಕೆಲಸ ಮುಗಿಸಿ ಬರುವಾಗ ತಿರುವಿನಲ್ಲೇ ಸಾಲು ಸಿಕ್ಕಿತು. ನನ್ನ ಮುಂದೆ ಸಾಮಾನು ತುಂಬಿದ ದೊಡ್ಡ ಲಾರಿ, ಅದರಾಚೆ ಏನೂ ಕಾಣದು. ಸೆಕೆ, ಹಸಿವು. ಮುಂದೆ ಯಾರೋ ಹಾರನ್ ಹೊಡೆದರು, ಇನ್ನೊಬ್ಬರು ಹೊಡೆದರು. ನಾನೂ ಹೊಡೆದೆ. ಒಂದು ಸಲವಲ್ಲ, ಅಂಗೈ ಒತ್ತಿ ಹಿಡಿದೆ. ಐದು ನಿಮಿಷಕ್ಕೆ ಸಾಲು ಸರಿಯಿತು. ಮನೆ ಮುಂದೆ ಬಂದಾಗ ಭಾವ ಹೊಸ್ತಿಲಲ್ಲಿ ಕುಸಿದು ಕೂತಿದ್ದರು. ತುಟಿ ನೀಲಿಯಾಗಿತ್ತು. ಬಡಗಿಯ ಹೆಂಡತಿ ಬೆನ್ನು ನೀವುತ್ತಿದ್ದಳು. ದಾರಿ ಬಿಡಲೆಂದು ಕಾರನ್ನು ಎಲ್ಲಿಗೋ ಒಯ್ದಿದ್ದ ಅಕ್ಕ ಏರಿನಲ್ಲಿ ಓಡಿ ಬರುತ್ತಿದ್ದಳು. ಹದಿನಾಲ್ಕನೆಯ ಹೆಜ್ಜೆಯಲ್ಲಿ ಹಾರನ್ನಿಗೆ ಬೆಚ್ಚಿ ಉಸಿರು ಸಿಕ್ಕಿಕೊಂಡು ಅವರು ಹಿಂದಕ್ಕೆ ತಿರುಗಿದ್ದರಂತೆ. ಅವತ್ತಿನಿಂದ ಭಾವ ಗಡ್ಡ ಹೆರೆಯುವುದನ್ನು ಬಿಟ್ಟರು.

ಮನೆ ಮುಂದಿನ ಜಾಗವನ್ನು ರೋಗಿಯ ಹೆಸರಿಗೆ ಕಾಯ್ದಿಡಿ ಎಂದು ಅಕ್ಕ ಕಚೇರಿಗೆ ಬರೆದಳು. ಅದೇ ತೆಳ್ಳನೆಯ ಹೆಂಗಸು, ಅದೇ ಯಂತ್ರ. ಈ ಸಲ ಯಾರೂ ಗಾಡಿ ತೆಗೆಯಲಿಲ್ಲ. ಯಂತ್ರ ಬಿಡುವಿಲ್ಲದೆ ಟಕಟಕ ಎಂದಿತು. ಒಂದು ತಿಂಗಳಿಗೆ ಉತ್ತರ ಬಂತು. ಬೀದಿ ಪೂರ್ತಿ ತುಂಬಿರುವುದರಿಂದ ಒಬ್ಬರಿಗಾಗಿ ಜಾಗ ತೆಗೆದಿಡಲು ಬರುವುದಿಲ್ಲ. "ಆಗ ಖಾಲಿ ಇದೆ ಅಂತ ಇಲ್ಲ ಅಂದ್ರು. ಈಗ ಖಾಲಿ ಇಲ್ಲ ಅಂತ ಇಲ್ಲ ಅಂದ್ರು" ಎಂದು ಅಕ್ಕ ಕಾಗದ ಮಡಚಿದಳು. ನಗಲು ನೋಡಿದಳು, ಆಗಲಿಲ್ಲ.

ಆದರೂ ನಾಲ್ಕಕ್ಕೆ ಅವಳು ಒಬ್ಬಳೇ ಹೊರಡುವಳು. ಐದಕ್ಕೆ ಬಂದು ಡಿಪೋದ ಸುದ್ದಿ ಹೇಳುವುದು ಗೋಡೆಯ ಈಚೆಗೆ ನನಗೆ ಕೇಳಿಸುತ್ತಿತ್ತು. "ಮೂರು ಬಸ್ಸಲ್ಲಿ ನಿಮ್ಮ ಹೊಲಿಗೇನೇ ರೀ, ಗಟ್ಟಿಯಾಗಿದೆ." ಭಾವ ಹೂಂಗುಟ್ಟುತ್ತಿದ್ದರು. ಹೇಗೋ ನಡೆಯುತ್ತಿದೆಯಲ್ಲ ಎಂದು ನಾನು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ.

ಹೋದ ವಾರ ಒಂದು ಕೆಲಸಕ್ಕೆಂದು ಸ್ಟೇಷನ್ನಿನ ಆಚೆ ಬದಿಗೆ ಹೋದೆ. ನಾಲ್ಕೂವರೆ ಇರಬಹುದು. ಹಳಿ ಪಕ್ಕದ ಗೋಡೆಗೆ ಮುಖಮಾಡಿ ನೀಲಿ ಕಾರು ನಿಂತಿತ್ತು. ಇಂಜಿನ್ ಬಂದಾಗಿತ್ತು. ಒಳಗೆ ಅಕ್ಕ ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಎದುರಿನ ಗೋಡೆ ನೋಡುತ್ತ ಕೂತಿದ್ದಳು. ಗಾಜು ತಟ್ಟಿದೆ.

"ಡಿಪೋಗೆ ಹೋಗಿಲ್ವಾ, ಅಕ್ಕಾ?"

"ಇಲ್ಲ ತಮ್ಮಾ. ಹೋದ್ರೆ ಈ ಜಾಗಾನೂ ಹೋಗುತ್ತೆ. ಇದು ಸಿಗೋಕೆ ಒಂಬತ್ತು ದಿನ ಕಾದಿದ್ದೀನಿ." ಕಿಟಕಿಯ ಗಾಜು ಇನ್ನೂ ಸ್ವಲ್ಪ ಇಳಿಸಿದಳು. "ಎರಡು ತಿಂಗಳಾಯ್ತು ಡಿಪೋ ನೋಡಿ. ಏನೋ ಒಂದು ಹೇಳ್ತೀನಿ. ಅವರು ಕೇಳ್ಕೋತಾರೆ."

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ ಹೇಳಿದೆ. "ನಾಳೆಯಿಂದ ನನ್ನ ಜಾಗ ತಗೋ ಅಕ್ಕಾ. ದಿನಾ. ನಾನು ವ್ಯಾನು ಮಾರುಕಟ್ಟೆ ಹಿಂದೆ ನಿಲ್ಲಿಸ್ಕೋತೀನಿ."

ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಬೇಡಪ್ಪ. ಅವರು ಈಗ ಹೊಸ್ತಿಲ ತನಕಾನೂ ಬರಲ್ಲ. ಹಾರನ್ ಕೇಳಿದ್ರೆ ಸಾಕು, ಹಿಂದಿನ ಕೋಣೆಗೆ ಹೋಗ್ತಾರೆ." ಒರೆಸುವ ಬಟ್ಟೆ ತೆಗೆದುಕೊಂಡು, ಚೊಕ್ಕವಾಗಿಯೇ ಇದ್ದ ಗಾಜನ್ನು ಮತ್ತೆ ಒರೆಸತೊಡಗಿದಳು. "ಅವತ್ತು ಒಳಗೆ ಕರ್ಕೊಂಡು ಹೋಗಿ ಮಲಗಿಸಿದ ಮೇಲೆ ಅವರು ಮೊದಲು ಹೇಳಿದ ಮಾತು ಇದೇ. ಕೊನೆಗೆ ಉದ್ದಕ್ಕೆ ಹೊಡೆದದ್ದು ನಮ್ಮ ಫ್ರಿಜ್‌ನವನ ಹಾರನ್ನು ಅಂತ."