ವಾಲ್ಟರನ ಗೋರಿಗಳೂ ನನ್ನ ಗೋತ್ರವೂ

ಊಟಕ್ಕೆ ಕರೆದು ಗೋರಿ ತೋರಿಸುವವರನ್ನು ನೀವು ಕಂಡಿದ್ದೀರಾ? ಎಪ್ಪತ್ತರ ದಶಕದಲ್ಲಿ ಅಮೆರಿಕದ ಮಾರಿಸ್‌ಟೌನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದರು, ವಾಲ್ಟರ್ ಮತ್ತು ಅವನ ಹೆಂಡತಿ ಡಾರತಿ. ವಾಲ್ಟರ್ ಓಹಾಯೋದ ಜೋಳದ ಹೊಲಗಳ ನಡುವಿನ ಒಂದು ಸಣ್ಣ ಊರಿನವನು. ಪ್ರತಿ ಬೇಸಿಗೆಯಲ್ಲೂ ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋಗಿ, ಹಿರೀಕರ ಗೋರಿಗಳ ಫೋಟೋ ತೆಗೆದು ತಂದು, ನಮ್ಮನ್ನು ಕೂರಿಸಿ, ದೀಪ ಆರಿಸಿ, ಗೋಡೆಯ ಮೇಲೆ ಸ್ಲೈಡ್ ಬಿಡುತ್ತಿದ್ದ. ಮುತ್ತಜ್ಜ ಕಟ್ಟಿದ ಹಿಟ್ಟಿನ ಗಿರಣಿ, ಗಿರಣಿ ಸುಟ್ಟುಹೋದ ಜಾಗ, ಮತ್ತೆ ಮುತ್ತಜ್ಜ. ಸಸ್ಯಾಹಾರಿಗಳೆಂದು ನಮಗೆ ಬರೀ ಬೇಯಿಸಿದ ಆಲೂಗಡ್ಡೆ. ಅದನ್ನು ಅರಗಿಸಿಕೊಳ್ಳಲು ಮುತ್ತಜ್ಜನೇ ಗತಿ.

ನನಗೋ ಒಳಗೊಳಗೇ ನಗು. ನಾಲ್ಕು ತಲೆಮಾರಿಗೇ ಇಷ್ಟು ಜಂಬವೇ! ಒಂದು ಸಂಜೆ ತಡೆಯಲಾರದೆ ಎದ್ದುನಿಂತು ಪ್ರವರ ಹೇಳಿಯೇಬಿಟ್ಟೆ: ಕೌಶಿಕ ಗೋತ್ರ, ವಿಶ್ವಾಮಿತ್ರರಿಂದ ಶುರು. ವಾಲ್ಟರ್ ಬೆರಗಾದ. "ಆ ಋಷಿಗಳಾದ ಮೇಲೆ ಯಾರು?" ಎಂದ. "ನಮ್ಮ ತಾತ" ಎಂದೆ. ನಡುವಿನ ಸಾವಿರಾರು ವರ್ಷ ನಮ್ಮ ಮನೆಯಲ್ಲಿ ಯಾರೂ ಹುಟ್ಟಿಯೇ ಇರಲಿಲ್ಲವೇನೋ!

ಅಷ್ಟರಲ್ಲಿ ನನ್ನ ಹೆಂಡತಿ ಗೋಡೆಯತ್ತ ಕೈ ತೋರಿಸಿದಳು. ವಾಲ್ಟರನ ಮುತ್ತಜ್ಜಿಯ ಕಲ್ಲಿನ ಮೇಲೆ ಗಂಡನ ಮನೆಯ ಹೆಸರಿನ ಕೆಳಗೆ ತವರಿನ ಹೆಸರನ್ನೂ ಕೆತ್ತಿದ್ದರು. "ನೋಡ್ರೀ, ಸತ್ತ ಮೇಲಾದ್ರೂ ಅವಳ ಹೆಸರು ಅವಳಿಗೆ ಕೊಟ್ಟಿದ್ದಾರೆ. ನನಗೆ ಬದುಕಿರುವಾಗಲೇ ಬೇಕು" ಎಂದಳು.

ವಿಷಯ ಇಷ್ಟೇ. ಅವಳ ಹುಟ್ಟುಹೆಸರು ಕಮಲಾ. ನಮ್ಮಮ್ಮನೂ ಕಮಲಮ್ಮ. ಸೊಸೆಯನ್ನು ಗದರಿದರೆ ಅತ್ತೆಯನ್ನೇ ಗದರಿದ ಹಾಗಾದೀತು ಅಂತ, ಮನೆ ತುಂಬಿಸಿಕೊಳ್ಳುವ ದಿನವೇ ತಟ್ಟೆಯ ಅಕ್ಕಿಯಲ್ಲಿ ನನ್ನ ಕೈಯಿಂದ 'ಸೀತಾ' ಎಂದು ಬರೆಸಿ ಮುಗಿಸಿದ್ದರು. ಈಗ ಅವಳು ಡಾರತಿಗೆ ಕಮಲಾ ಆದಳು. ಡಾರತಿ ಬೇಲಿಯಾಚೆಯಿಂದ "ಕಮಲಾ!" ಎಂದರೆ ಸಾಕು, ಒಲೆ ಮೇಲೆ ಹಾಲಿದ್ದರೂ ಓಡುವಳು. ನಾನು "ಸೀತಾ" ಎಂದರೆ ಕಿವಿ ಕೇಳಿಸದು, ಕಾಫಿಯೂ ಬಾರದು.

ಹೀಗಿರುವಾಗ ಅಮ್ಮ ಮೈಸೂರಿನಿಂದ ಬಂದರು. "ಅಮ್ಮ ಹೋಗೋವರೆಗಾದ್ರೂ ಸೀತಾ ಆಗಿರು ಮಾರಾಯ್ತಿ" ಅಂತ ಬೇಡಿಕೊಂಡೆ. "ಆಗಲ್ಲ" ಅಂದಳು. ವಾರ ಕಳೆಯುವುದರೊಳಗೆ ಡಾರತಿ ಕೂಗಿಯೇ ಕೂಗಿದಳು. ಅತ್ತೆ ಸೊಸೆ ಇಬ್ಬರೂ ತಿರುಗಿದರು. ನಾನು ತಡವರಿಸುತ್ತ ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ.

ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. "ಇಟ್ಕೊಳ್ಳಲಿ ಬಿಡೋ. ಅದೇನು ನಂದಾ? ನಮ್ಮತ್ತೆ ಮದುವೇಲಿ ಇಟ್ಟಿದ್ದು" ಅಂದರು.

"ಹಾಗಾದ್ರೆ ನಿನ್ನ ಹೆಸರೇನಮ್ಮ?"

"ನಂಜು. ಮದುವೆ ಆದಾಗಿನಿಂದ ಯಾರೂ ಕೇಳಿರಲಿಲ್ಲ ಕಣೋ."

ಕೇಳಿದವನು ಅವರ ಹೊಟ್ಟೆಯಲ್ಲೇ ಹುಟ್ಟಿದ ಮಗ; ಆಗಲೇ ತಲೆ ನರೆತಿತ್ತು.