ನೀಲಿ ಬಟ್ಟೆ ಕಿಟಕಿಗೆ ಬಂದ ದಿನ

ಗಂಡ ಹೆಂಡತಿ ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಬಾಯಿ ಬಿಡದೆ ಸಂಸಾರ ಮಾಡಿದರು ಅಂದರೆ ನೀವು ನಂಬಲಿಕ್ಕಿಲ್ಲ. ಅವರು ಜಗಳವಾಡಿ ಮಾತು ಬಿಟ್ಟವರಲ್ಲ, ಮೂಗರೂ ಅಲ್ಲ. ಮಾತು ಬಿಡಿಸಿದ್ದು ಮನೆಯ ಒಡೆಯ.

ಹೆಂಡತಿ ಎರ್ಮಿನಿಯಾ, ಗೆರೆರೋ ಬೆಟ್ಟದ ಕಡೆಯವಳು. ಹುಟ್ಟಿದಾಗಿನಿಂದ ಅವಳಿಗೆ ಕೇಳುವ ಚಟ. ಕತ್ತೆ ನಿಂತುಕೊಂಡೇ ಯಾಕೆ ನಿದ್ದೆ ಮಾಡುತ್ತದೆ, ಪಾದ್ರಿಯ ನಿಲುವಂಗಿಗೆ ಎಷ್ಟು ಗುಂಡಿ, ಪಕ್ಕದ ಮನೆಯವರು ನಿನ್ನೆ ಸಂಜೆ ಒಲೆ ಹಚ್ಚಲಿಲ್ಲವಲ್ಲ ಯಾಕೆ. "ಇವಳ ಬಾಯಿಗೆ ರೊಟ್ಟಿ ತುರುಕಿದ್ರೂ ಪಕ್ಕದಿಂದ ಪ್ರಶ್ನೆ ಆಚೆ ಬರುತ್ತೆ" ಎಂದು ಅವಳ ತಾಯಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಗಂಡ ನಿಕಾಂದ್ರೋ ಇದಕ್ಕೆ ತದ್ವಿರುದ್ಧ. ಹೇಳಿದ್ದು ಮಾಡುತ್ತಾನೆ, ಹೇಳದಿದ್ದರೆ ಗಿಡದ ಬುಡ ಕೆದಕುತ್ತಾನೆ. ಇಬ್ಬರೂ ಕೆಲಸ ಹುಡುಕಿಕೊಂಡು ಕ್ವೆರ್ನಾವಾಕಾ ಪಟ್ಟಣಕ್ಕೆ ಬಂದು ದೋನ್ ಎವೆರಾರ್ದೋ ಅವರ ಮನೆ ಸೇರಿದರು. ಅವಳಿಗೆ ಅಡುಗೆಮನೆ, ಅವನಿಗೆ ತೋಟ ಮತ್ತು ಈಜುಕೊಳ, ಇಬ್ಬರಿಗೂ ಸೇರಿ ಹಿತ್ತಿಲಲ್ಲೊಂದು ಕೋಣೆ.

ದೋನ್ ಎವೆರಾರ್ದೋ ನಿವೃತ್ತ ನ್ಯಾಯಾಧೀಶರು. ಮೂವತ್ತು ವರ್ಷ ಜನರ ವಾದ ಕೇಳಿ ಕೇಳಿ ಅವರ ಕಿವಿ ರೋಸಿಹೋಗಿತ್ತು. ಮೊದಲ ದಿನವೇ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿಬಿಟ್ಟರು: "ಕೆಲಸ ಕಣ್ಣಿಗೆ ಕಾಣ್ಲಿ, ಸ್ವರ ಕಿವಿಗೆ ಬೀಳೋದು ಬೇಡ. ನೀವಿಬ್ರು ಮಾತಾಡಿದ್ದು ನನಗೆ ಕೇಳ್ಸಿದ ದಿನ ಗೇಟು ತೆರೆದಿರುತ್ತೆ."

ಬಾಯಿ ಕಟ್ಟಿದರೆ ಕೈ ಸುಮ್ಮನಿರುತ್ತದೆಯೇ? ಅಡುಗೆಮನೆಯ ಕಿಟಕಿ ತೋಟದ ಯಾವ ಮೂಲೆಯಿಂದ ನೋಡಿದರೂ ಕಾಣುತ್ತಿತ್ತು. ಎರ್ಮಿನಿಯಾ ಅಲ್ಲಿ ಕೆಂಪು ಬಟ್ಟೆ ಹಾಕಿದರೆ ನೆಂಟರು ಬರುತ್ತಾರೆ, ಹೂ ಕೊಯ್ದು ತಾ ಎಂದು ಅರ್ಥ. ಬಿಳಿ ಬಟ್ಟೆ ಅಂದರೆ ಊಟಕ್ಕೆ ಬಾ. ನೀಲಿ ಅಂದರೆ ಕೊಳದ ನೀರು ಹೊರಗೆ ಬಿಡು, ತಿಕ್ಕಬೇಕು. ಬಾಗಿಲಲ್ಲಿ ಪೊರಕೆ ತಲೆಕೆಳಗಾಗಿ ನಿಂತಿದ್ದರೆ ಒಡೆಯರ ಮುಖ ಗಂಟುಹಾಕಿದೆ, ಹುಲ್ಲು ಕೊಯ್ಯುವ ಯಂತ್ರ ಮುಟ್ಟಬೇಡ. ನಿಕಾಂದ್ರೋ ತನ್ನ ಟೋಪಿಯನ್ನು ನಿಂಬೆ ಕೊಂಬೆಗೆ ಸಿಕ್ಕಿಸಿದರೆ ತರಕಾರಿಯವನು ಗೇಟಿಗೆ ಬಂದಿದ್ದಾನೆ ಅಂತ. ಹೀಗೆ ಒಂದೊಂದೇ ಸೇರಿ ಅವರ ಸಂಸಾರ ಬಟ್ಟೆಯ ಮೇಲೆ ನಡೆಯತೊಡಗಿತು. ವರ್ಷಗಳು ಉರುಳಿದಂತೆ ಆ ಮೌನ ಹಿತ್ತಿಲ ಕೋಣೆಗೂ ನುಗ್ಗಿತು. ಅಲ್ಲಿ ಮಾತಾಡಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಆದರೂ ಇಬ್ಬರೂ ಉಂಡು, ತಲೆಯಾಡಿಸಿ, ಮಲಗಿಬಿಡುತ್ತಿದ್ದರು.

ದೋನ್ ಎವೆರಾರ್ದೋ ತೀರಿಕೊಂಡರು. ಅವರ ಮಕ್ಕಳು ಮನೆ ಮಾರಿದರು. ಕೊಳದ ಪಂಪು, ಹುಲ್ಲಿನ ಯಂತ್ರ, ಗಂಡ ಹೆಂಡತಿ, ಎಲ್ಲ ಸೇರಿಸಿಯೇ ಮಾರಿದರು ಎನ್ನಿ. ಕೊಂಡವರು ದೋನ್ಯಾ ಮಾತಿಲ್ದೆ ಎಂಬುವರು. ರಾಜಧಾನಿಯಲ್ಲಿ ಮೂರು ಬೇಕರಿ ನಡೆಸಿ, ಮಗನಿಗೆ ವಹಿಸಿಕೊಟ್ಟು, ಒಬ್ಬರೇ ಇರಲು ಬಂದ ವಿಧವೆ. ಗಟ್ಟಿ ದನಿ, ಬರಿಗಾಲಲ್ಲಿ ಓಡಾಟ, ತಮ್ಮ ಬಟ್ಟೆ ಶಾಲು ತಾವೇ ಒಗೆದುಕೊಳ್ಳುವ ಅಭ್ಯಾಸ.

"ಒಂದು ತಿಂಗಳು ನೀವು ನನ್ನ ನೋಡಿ, ನಾನು ನಿಮ್ಮನ್ನ ನೋಡ್ತೀನಿ," ಅಂದರು ಬಂದ ದಿನ. "ಹೊಂದಿಕೊಂಡ್ರೆ ಇರೋಣ."

ಆ "ನೀವು" ಕೇಳಿಯೇ ಎರ್ಮಿನಿಯಾ ಹುಷಾರಾದಳು. ಆಳಿಗೆ ಮರ್ಯಾದೆ ಕೊಡುವ ಒಡತಿಗೆ ಮನಸ್ಸಿನಲ್ಲಿ ಏನೋ ಇರಬೇಕು. ಆವತ್ತಿನಿಂದ ಅವಳು ಮೈಯೆಲ್ಲ ಕಣ್ಣು ಕಿವಿ ಮಾಡಿಕೊಂಡು ಕಾದಳು. ಈ ಹೆಂಗಸು ನಿಂತುಕೊಂಡೇ ಯಾಕೆ ತಿನ್ನುತ್ತಾರೆ? ಹಿಟ್ಟು ಮುಟ್ಟಿ ಮೂಸಿ ನೋಡುತ್ತಾರೆ, ಬೇಕರಿಯ ನೆನಪೋ, ಅಥವಾ ನನ್ನ ಮೇಲೆ ಅನುಮಾನವೋ? ಒಡತಿಗೂ ಇವರ ಮೇಲೆ ಅಷ್ಟೇ ಕುತೂಹಲ.

"ಎರ್ಮಿನಿಯಾ, ನಿಮಗೂ ನಿಮ್ಮ ಗಂಡನಿಗೂ ಏನಾದ್ರೂ ಜಗಳವಾ?"

"ಇಲ್ಲ ಸೆನ್ಯೋರ."

"ಮತ್ತೆ ಒಂದು ಮಾತೂ ಇಲ್ಲ."

"ಕೆಲಸ ಇರುತ್ತಲ್ಲ ಸೆನ್ಯೋರ."

ಮಾತಾಡುವುದೇ ತಪ್ಪಾಗಿದ್ದ ಮನೆಯಲ್ಲಿ ಮಾತಿನ ಬಗ್ಗೆ ಪ್ರಶ್ನೆ ಬಂದರೆ ಅದು ಬೋನಲ್ಲದೆ ಇನ್ನೇನು? ಅವಳು ಅಷ್ಟಕ್ಕೇ ನಿಲ್ಲಿಸಿದಳು. ಒಡತಿ ಅಷ್ಟಕ್ಕೆ ಬಿಡಲಿಲ್ಲ. ಮುಂದಿನ ಭಾನುವಾರ ಇಬ್ಬರನ್ನೂ ಚೌಕಕ್ಕೆ ಅಟ್ಟಿದರು. "ಇಬ್ರೂ ಕೂತು ಐಸ್ ತಿನ್ನಿ, ಸಂಜೆ ತನಕ ಈ ಕಡೆ ತಲೆ ಹಾಕ್ಬೇಡಿ." ಇಬ್ಬರೂ ಲಾರೆಲ್ ಮರದ ಕೆಳಗಿನ ಬೆಂಚಿನಲ್ಲಿ ಕೂತು ಸೀಬೆಹಣ್ಣಿನ ಐಸ್ ತಿಂದರು. ಪಕ್ಕದಲ್ಲಿ ಬಲೂನಿನವನು ಕೂಗುತ್ತಿದ್ದ. ಎರ್ಮಿನಿಯಾಳ ನಾಲಿಗೆ ತುದಿಯಲ್ಲಿ ಒಂದೇ ಪ್ರಶ್ನೆ: ಈ ಹೆಂಗಸು ನಮ್ಮನ್ನ ಕಳಿಸ್ತಾಳಾ? ಕೇಳಬೇಕು ಎಂದು ಗಂಡನ ಕಡೆ ತಿರುಗಿದಳು. ಅವನು ತಲೆಯಾಡಿಸಿದ. ಅವಳೂ ಆಡಿಸಿದಳು. ಸಂಜೆ ಮನೆಗೆ ಬಂದರು.

ಮೂರನೇ ವಾರದ ಗುರುವಾರ ಅವಳು ಹಜಾರದ ನೆಲ ಒರೆಸುತ್ತಿದ್ದಾಗ ಒಡತಿ ಆಳುಗಳನ್ನು ಗೊತ್ತುಮಾಡುವ ಹೆಂಗಸಿನ ಜೊತೆ ಫೋನಿನಲ್ಲಿದ್ದರು.

"ಕೆಲಸದಲ್ಲಿ ಬೆರಳು ತೋರ್ಸೋಹಾಗಿಲ್ಲ ಕಣಮ್ಮ... ಹೌದು. ಅದಕ್ಕೇ ಕೇಳ್ತಿರೋದು... ಸರಿ, ಆ ಹುಡುಗ ಹುಡುಗಿನ ಸೋಮವಾರ ಕಳ್ಸು, ನೋಡ್ತೀನಿ."

ಎರ್ಮಿನಿಯಾಳ ಕೈಯಲ್ಲಿದ್ದ ಒರೆಸುವ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಕೆಲಸ ಹೋಗುವುದು ಒಂದು ಮಾತಾದರೆ, ಅದರ ಜೊತೆ ಹೋಗುವುದು ಇನ್ನೊಂದು. ಐವತ್ತು ದಾಟಿದ ಜೋಡಿಯನ್ನು ಈ ಊರಿನಲ್ಲಿ ಯಾವ ಮನೆಯೂ ಇಟ್ಟುಕೊಳ್ಳುವುದಿಲ್ಲ. ಒಬ್ಬ ಮುದುಕಿ ಅಡುಗೆಯವಳು ಬೇಕಾಗಬಹುದು, ಇನ್ನೆಲ್ಲೋ ಒಬ್ಬ ಮುದುಕ ಮಾಲಿ ಬೇಕಾಗಬಹುದು. ಎರಡು ಮನೆ ಆಚೆಗಿದ್ದ ಒದಿಲೋನ್ ಮತ್ತವನ ಹೆಂಡತಿಗೆ ಹಾಗೇ ಆಯಿತು. ಅವನು ತೆಪೋಸ್ತ್ಲಾನ್‌ನಲ್ಲಿ, ಅವಳು ರಾಜಧಾನಿಯಲ್ಲಿ. ತಿಂಗಳಿಗೊಮ್ಮೆ ಬಸ್ ನಿಲ್ದಾಣದಲ್ಲಿ ಭೇಟಿ. ಮೂವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು ಬಸ್ ನಿಲ್ದಾಣದ ನೆಂಟರಾದರು.

ಅವಳು ಅಡುಗೆಮನೆಗೆ ಬಂದು ಬಟ್ಟೆಗಳನ್ನೆಲ್ಲ ನೋಡಿದಳು. ಕೆಂಪು, ಬಿಳಿ, ನೀಲಿ. ಇದನ್ನು ಹೇಳುವ ಬಟ್ಟೆ ಅದರಲ್ಲಿ ಇರಲಿಲ್ಲ. ಹಿತ್ತಿಲ ಕೋಣೆಯಲ್ಲಿ ಬಾಯಿಂದ ಹೇಳೋಣವೆಂದು ಹೋದವಳು ಎಂದಿನಂತೆ ಉಂಡು, ತಲೆಯಾಡಿಸಿ, ಮಲಗಿಬಿಟ್ಟಳು.

ಶನಿವಾರ ಒಡತಿಯ ತಂಗಿ ತನ್ನ ನಾಲ್ಕು ಮೊಮ್ಮಕ್ಕಳನ್ನು ಕರೆದುಕೊಂಡು ಬರುವುದಿತ್ತು. ಮಕ್ಕಳು ವಾರದಿಂದ ಈಜುಕೊಳದ ಕನಸು ಕಾಣುತ್ತಿದ್ದರಂತೆ. ಶುಕ್ರವಾರ ಬೆಳಿಗ್ಗೆಯೇ ಎರ್ಮಿನಿಯಾ ಕಿಟಕಿಗೆ ಕೆಂಪು ಬಟ್ಟೆ ಹಾಕಿ ಮಾರುಕಟ್ಟೆಗೆ ಹೊರಟಳು. ಅವಳು ಅತ್ತ ಹೋದದ್ದೇ ತಡ, ದೋನ್ಯಾ ಮಾತಿಲ್ದೆ ತಮ್ಮ ನೀಲಿ ಶಾಲು ಒಗೆದು, ಬಿಸಿಲು ಎಲ್ಲಿ ಚೆನ್ನಾಗಿದೆ ಎಂದು ನೋಡಿ, ಕೆಂಪು ಬಟ್ಟೆ ತೆಗೆದು ಮಡಚಿಟ್ಟು, ಶಾಲನ್ನು ಅದೇ ಕಿಟಕಿಗೆ ಹರವಿದರು. ಒಣಗಿದ ಮೇಲೆ ತೆಗೆದುಕೊಂಡು ಹೋದರು.

ನಿಕಾಂದ್ರೋ ತಲೆಯೆತ್ತಿ ನೋಡಿದ. ನೀಲಿ. ನಾಳೆ ಮಕ್ಕಳು ಬರುತ್ತಾರೆ, ಇವತ್ತು ನೀರು ಬಿಡುವುದೇ ಎಂದು ಒಂದು ಗಳಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಆಮೇಲೆ ಹೋಗಿ ತೂಬು ತೆರೆದ.

ಕೊಳ ಇರುವುದು ದಾಸವಾಳದ ಬೇಲಿಯ ಹಿಂದಿನ ತಗ್ಗಿನಲ್ಲಿ. ಆದ್ದರಿಂದ ಶನಿವಾರ ಮಕ್ಕಳು ಚಡ್ಡಿ ಹಾಕಿಕೊಂಡು ಓಡಿಹೋಗಿ, ಅಷ್ಟೇ ಜೋರಾಗಿ ವಾಪಸು ಓಡಿಬರುವ ತನಕ ಯಾರಿಗೂ ಗೊತ್ತಾಗಲಿಲ್ಲ.

"ಅಜ್ಜೀ, ಇದರಲ್ಲಿ ನೀರೇ ಇಲ್ಲ."

ಎರ್ಮಿನಿಯಾ ಮೆಕ್ಕೆಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಹೋದಳು. ನಿಕಾಂದ್ರೋ ಬತ್ತಿದ ಕೊಳದ ತಳದಲ್ಲಿ ನಿಂತು ಹಾಯಾಗಿ ಬ್ರಷ್ ಹಾಕುತ್ತಿದ್ದ.

"ಏ ಮುದ್ಕಾ, ನೀರೆಲ್ಲೋ?"

ಹತ್ತೊಂಬತ್ತು ವರ್ಷದ ಮೇಲೆ ಆ ತೋಟದಲ್ಲಿ ಅವಳ ದನಿ ಕೇಳಿಸಿತು. ನಿಕಾಂದ್ರೋನ ಕೈಯಿಂದ ಬ್ರಷ್ ಬಿತ್ತು.

"ಬಿಟ್ಟೆ."

"ಯಾಕೆ ಬಿಟ್ಟೆ?"

"ನೀನೇ ನೀಲಿ ಹಾಕಿದ್ಯಲ್ಲ."

"ನಾನೆಲ್ಲಿ ಹಾಕ್ದೆ? ನಾನು ಹಾಕಿದ್ದು ಕೆಂಪು, ಅದು ಸೆನ್ಯೋರ ಒಣಹಾಕಿದ ಶಾಲು ಇರ್ಬೇಕು. ಶಾಲ್ಯಾವ್ದು ಮಸಿಬಟ್ಟೆ ಯಾವ್ದು ಅಂತ ಕಾಣಲ್ವಾ ನಿನ್ನ ಕಣ್ಣಿಗೆ?"

"ಇಲ್ಲಿಂದ ನೋಡಿದ್ರೆ ನೀಲಿ ಅಂದ್ರೆ ನೀಲಿನೇ ಕಣೇ."

"ಮಕ್ಳು ಬರ್ತಾರೆ ಅಂತ ಗೊತ್ತಿತ್ತಲ್ಲೋ. ಬಂದು ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳೋಕೆ ಯಾವ ಬಟ್ಟೆ ಇದೆ?"

ಎರ್ಮಿನಿಯಾಳ ಬಾಯಿಯ ಕಟ್ಟೆ ಒಡೆಯಿತು.

"ಬಾಯಿ ಇದ್ಯಲ್ಲೋ, ಅದನ್ನೇನು ಬೀನ್ಸ್ ತಿನ್ನೋಕೆ ಮಾತ್ರ ಇಟ್ಕೊಂಡಿದ್ದೀಯಾ? ಇಲ್ಲಿ ತೊಳಿತಾ ನಿಂತಿದ್ದಾನೆ ದೊಡ್ಡ ಮನುಷ್ಯ. ಸೋಮವಾರ ಬೇರೆ ಜೋಡಿ ಬರುತ್ತೆ, ಅವರು ಈಜಾಡ್ಲಿ ಅಂತಾನಾ?"

"ಯಾವ ಜೋಡಿ? ಯಾರು ಹೇಳಿದ್ದು?"

"ಗುರುವಾರ ಫೋನಲ್ಲಿ ಮಾತಾಡಿದ್ದು ನಾನೇ ಕೇಳಿಸ್ಕೊಂಡೆ."

"ಗುರುವಾರದಿಂದ ಗೊತ್ತಿದ್ದೂ ನನಗೆ ಹೇಳ್ಲಿಲ್ವಾ?"

"ಹೇಳೋಕೆ ಯಾವ ಬಟ್ಟೆ ಇತ್ತು?"

ಎರ್ಮಿನಿಯಾ ಕೊಳದ ಅಂಚಿನಲ್ಲೇ ಕೂತಳು.

"ನನ್ನನ್ನ ಒಂದು ಕಡೆ ಹಾಕ್ತಾರೆ, ನಿನ್ನನ್ನ ಒಂದು ಕಡೆ. ನಿನ್ನ ಗೊರಕೆ ಇಲ್ದೆ ನನಗೆ ನಿದ್ದೆ ಹತ್ತಲ್ಲ ಮುದ್ಕಾ."

"ನಾನು ಗೊರಕೆ ಹೊಡಿಯಲ್ಲ."

"ಹೊಡೀತೀಯ. ಹಂದಿ ಥರ. ಎಷ್ಟು ವರ್ಷದಿಂದ ಹೇಳ್ಬೇಕು ಅಂತಿದ್ದೆ."

ಹಿಂದಿನಿಂದ ಯಾರೋ ನಕ್ಕರು. ದೋನ್ಯಾ ಮಾತಿಲ್ದೆ ಕೈಯಲ್ಲಿ ಅರ್ಧ ತಿಂದ ಬ್ರೆಡ್ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ ತಂಗಿ, ತಂಗಿಯ ಪಕ್ಕದಲ್ಲಿ ಸಾಲಾಗಿ ನಾಲ್ಕು ಮಕ್ಕಳು, ನಾಟಕ ನೋಡುವವರಂತೆ. ಎರ್ಮಿನಿಯಾ ಎದ್ದು ಏಪ್ರನ್ ಸರಿಮಾಡಿಕೊಂಡಳು. ಮುಗಿಯಿತು, ಗೇಟು ತೆರೆದ ಹಾಗೇ ಎಂದುಕೊಂಡಳು.

"ಹಾಗಾದ್ರೆ ನಿಮಗೆ ಮಾತು ಬರುತ್ತೆ," ಅಂದರು ಒಡತಿ.

"ತಪ್ಪಾಯ್ತು ಸೆನ್ಯೋರ."

"ತಪ್ಪೇನು ಬಂತು? ನೋಡಮ್ಮ, ರಾಜಧಾನಿ ಮನೇಲಿ ನನ್ನ ಹತ್ರ ಒಂದು ಜೋಡಿ ಇತ್ತು. ಅವರಿಬ್ಬರಿಗೂ ಎರಡು ವರ್ಷ ಮಾತಿಲ್ಲ. ಉಪ್ಪು ತರೋಕೆ ಅವನಿಗೆ ಹೇಳಿ ಸೆನ್ಯೋರ, ಉಪ್ಪು ಡಬ್ಬೀಲೇ ಇದೆ ಅಂತ ಅವಳಿಗೆ ಹೇಳಿ ಸೆನ್ಯೋರ. ಮಧ್ಯದಲ್ಲಿ ನಾನು ಅಂಚೆಯವಳು. ನನ್ನ ಮನೇಲೇ ನನಗೆ ಉಸಿರು ಕಟ್ಟೋದು. ನಿಮ್ಮನ್ನ ನೋಡಿ, ಅಯ್ಯೋ ಮತ್ತೆ ಅಂಥದ್ದೇ ಗಂಟುಬಿತ್ತಲ್ಲ ಅಂದ್ಕೊಂಡೆ. ಭಾನುವಾರ ಐಸ್ ತಿನ್ನೋಕೆ ಕಳ್ಸಿದ್ರೂ ಹಾಗೇ ವಾಪಸ್ ಬಂದ್ರಿ."

ಆಗ ಎರ್ಮಿನಿಯಾ ಹೇಳಿದಳು. ನ್ಯಾಯಾಧೀಶರ ಕಿವಿ, ಗೇಟಿನ ಮಾತು, ಕೆಂಪು, ಬಿಳಿ, ನೀಲಿ, ಪೊರಕೆ, ಟೋಪಿ, ಒಂದನ್ನೂ ಬಿಡಲಿಲ್ಲ. ಒಡತಿ ಕೊರಳಲ್ಲಿದ್ದ ಶಾಲನ್ನು ಮುಟ್ಟಿ ನೋಡಿಕೊಂಡರು.

"ತಡೀರಿ. ಮೊನ್ನೆ ಬುಧವಾರ ನಾನು ಬಿಳಿ ಟವೆಲ್ ಒಣಹಾಕಿದ್ದೆ. ಅದಕ್ಕೇನಾ ನಿಕಾಂದ್ರೋ ಮೂರು ಸಲ ಊಟಕ್ಕೆ ಬಂದಿದ್ದು?"

"ಮೂರು ಸಲಾನೂ ಬಡಿಸಿದ್ಲು," ಅಂದ ಕೊಳದ ತಳದಿಂದ ನಿಕಾಂದ್ರೋ. "ನಾನೂ ಕೇಳ್ಲಿಲ್ಲ, ಅವಳೂ ಕೇಳ್ಲಿಲ್ಲ."

"ಹೊಟ್ಟೇಲಿ ಹುಳ ಆಗಿದೆ ಅಂದ್ಕೊಂಡೆ," ಅಂದಳು ಎರ್ಮಿನಿಯಾ.

ಮಕ್ಕಳು ಆಗಲೇ ಚೆಂಡು ತೆಗೆದುಕೊಂಡು ಬರಿದಾದ ಕೊಳಕ್ಕಿಳಿದಿದ್ದರು. ಗೋಡೆಗೆ ಹೊಡೆದ ಚೆಂಡು ತಾನಾಗಿ ವಾಪಸು ಬರುತ್ತಿತ್ತು. ನೀರಿಗಿಂತ ಇದೇ ಚೆಂದ ಎಂದು ಒಬ್ಬ ಕೂಗಿದ. ದೋನ್ಯಾ ಮಾತಿಲ್ದೆ ಉಳಿದ ಬ್ರೆಡ್ ಬಾಯಿಗೆ ಹಾಕಿಕೊಂಡು ಒಳಗೆ ನಡೆದರು. ಎರ್ಮಿನಿಯಾಳಿಗೆ ತಡೆಯಲಾಗಲಿಲ್ಲ, ಹಿಂದೆಯೇ ಹೋದಳು. ಒಡತಿ ಫೋನ್ ತಿರುಗಿಸುತ್ತಿದ್ದರು.

"ನಾನು ಕಣಮ್ಮ, ಮಾತಿಲ್ದೆ. ಸೋಮವಾರದವರನ್ನ ಕಳಿಸ್ಬೇಡ... ಇಲ್ಲ ಇಲ್ಲ, ಇರೋರೇ ಇರ್ತಾರೆ... ಇಬ್ರೂ, ಹೌದು, ಇಬ್ರೂ... ಕೊರತೆ ಏನಿಲ್ಲ. ಈಗ ತಾನೆ ಜಗಳ ಆಡಿದ್ರು, ನೋಡೋಕೆ ಎರಡು ಕಣ್ಣು ಸಾಲ್ದು."

ಎರ್ಮಿನಿಯಾ ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ಬಿಟ್ಟಳು. ಒಳಗಿನ ಭಾರ ಇಳಿದದ್ದೇ ತಡ, ಆ ಜಾಗಕ್ಕೆ ಇನ್ನೊಂದು ಬಂದು ಕೂತಿತು.

"ಸೆನ್ಯೋರ, ಆ ಹುಡುಗ ಹುಡುಗಿಗೆ ಬೇರೆ ಮನೆ ಸಿಗುತ್ತಾ?"

"ಚಿಕ್ಕ ವಯಸ್ಸು. ಸಿಗದೆ ಏನು?"

"ಯಾವ ಊರಿನವರಂತೆ? ಮದ್ವೆಯಾಗಿ ಎಷ್ಟು ದಿನ ಆಯ್ತಂತೆ? ಹುಡುಗಿಗೆ ಅಡುಗೆ ಬರುತ್ತಂತಾ?"

ದೋನ್ಯಾ ಮಾತಿಲ್ದೆ ಅವಳನ್ನೇ ನೋಡಿದರು. "ನನಗೇನು ಗೊತ್ತು? ನೀವೇ ಕೇಳ್ಕೊಳ್ಳಿ," ಎಂದು ಫೋನನ್ನು ಅವಳ ಕಡೆ ಚಾಚಿದರು.

ಅಷ್ಟು ವರ್ಷ ಆ ಫೋನಿನ ಧೂಳು ಒರೆಸಿದ್ದಳೇ ಹೊರತು ಎರ್ಮಿನಿಯಾ ಅದರಲ್ಲಿ ಮಾತಾಡಿರಲಿಲ್ಲ. ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡಳು. ಆಚೆ ಕಡೆಯ ಹೆಂಗಸು, ಪಾಪ, ಅರ್ಧ ಗಂಟೆ ಉತ್ತರ ಹೇಳಿದಳಂತೆ.